ಇಂಟೆಲ್ ಸರ್ವರಿನಲ್ಲಿ ಓಡುತ್ತಿರುವ ವಿಎಂ ಅನ್ನು ನಿಲ್ಲಿಸದೆ ಎಎಂಡಿ ಸರ್ವರಿಗೆ ದಾಟಿಸಬಹುದೇ?

ಓದುಗರ ಪ್ರಶ್ನೆ: ಉಡುಪಿಯಲ್ಲಿ ನಮ್ಮದೊಂದು ಆಡಿಟರ್ ಕಚೇರಿ. ಮೇಲಿನ ಮಹಡಿಯ 2016ರ ಇಂಟೆಲ್ ಸರ್ವರಿನಲ್ಲಿ ಲಿನಕ್ಸ್‌ನ ಕೆವಿಎಂ ಮೇಲೆ ಮೂರು ವಿಎಂ (ವರ್ಚುವಲ್ ಮಷಿನ್, ಅಂದರೆ ಸರ್ವರಿನೊಳಗೆ ಸಾಫ್ಟ್‌ವೇರಿನಿಂದ ಓಡುವ ಕಂಪ್ಯೂಟರ್) ಓಡುತ್ತಿವೆ. ಕೆಳಗಿನ ಕೋಣೆಗೆ ಈಗ ಒಂದು ಹೊಸ ಇಂಟೆಲ್, ಒಂದು ಎಎಂಡಿ ಸರ್ವರ್ ಬಂದಿದೆ. ಜನರೇಟರ್ ಇರುವುದು ಕೆಳಗೆ ಮಾತ್ರ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಯುಪಿಎಸ್ ಮುಗಿಯುವುದರೊಳಗೆ ವಿಎಂಗಳನ್ನು ಓಡುತ್ತಿರುವ ಹಾಗೆಯೇ ಕೆಳಗೆ ಸಾಗಿಸಲು ಆಗ್ತದಾ?

ಉತ್ತರ: ಇಂಟೆಲ್‌ನಿಂದ ಇಂಟೆಲ್‌ಗೆ ಆಗ್ತದೆ. ಆದರೆ ಅದಕ್ಕೆ ಬೇಕಾದ ತಯಾರಿ ವಿಎಂ ಚಾಲು ಮಾಡುವಾಗಲೇ ಆಗಿರಬೇಕು, ಕರೆಂಟ್ ಹೋದ ಮೇಲಲ್ಲ. ಎಎಂಡಿಗೆ ಓಡುತ್ತಿರುವಂತೆಯೇ ಸಾಗಿಸುವ ಗೋಜಿಗೆ ಹೋಗಬೇಡಿ. ಶಟ್‌ಡೌನ್ ಮಾಡಿ ಅಲ್ಲಿ ಚಾಲು ಮಾಡಿ.

ಕಾರಣ ಇರುವುದು ಸಿಪಿಯುವಿನಲ್ಲಿ. ವಿಎಂ ಒಳಗಿನ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಬೂಟ್ ಆಗುವಾಗ ಒಮ್ಮೆ, ಪ್ರತಿ ಪ್ರೋಗ್ರಾಂ ಶುರುವಾಗುವಾಗ ಇನ್ನೊಮ್ಮೆ, "ಈ ಸಿಪಿಯುವಿಗೆ ಏನೆಲ್ಲ ಗೊತ್ತುಂಟು" ಎಂದು ಕೇಳಿಕೊಳ್ಳುತ್ತವೆ. ಲಿನಕ್ಸ್ ಪ್ರೋಗ್ರಾಂಗಳು ಬಳಸುವ ಮೂಲ ಲೈಬ್ರರಿ ಜಿಲಿಬ್‌ಸಿಯನ್ನೇ ನೋಡಿ. ಮೆಮೊರಿ ನಕಲು ಮಾಡುವ ಅದರ ಫಂಕ್ಷನ್ನಿಗೆ ಹಲವು ರೂಪಗಳಿವೆ. ಎವಿಎಕ್ಸ್-512 (ಒಮ್ಮೆಗೇ ಹೆಚ್ಚು ಡೇಟಾ ಹಿಡಿಯುವ ಇನ್‌ಸ್ಟ್ರಕ್ಷನ್‌ಗಳು) ಕಂಡರೆ ಅದಕ್ಕೆ ತಕ್ಕ ರೂಪವನ್ನು ಆರಿಸಿಕೊಳ್ಳುತ್ತದೆ. ಆ ಆಯ್ಕೆ ಪ್ರೋಗ್ರಾಂ ಮುಗಿಯುವವರೆಗೂ ಬದಲಾಗದು. ಈಗ ಎವಿಎಕ್ಸ್-512 ಇಲ್ಲದ ಹಳೆಯ ಸರ್ವರಿಗೆ ಆ ವಿಎಂ ಹೋಯಿತು ಅಂತಿಟ್ಟುಕೊಳ್ಳಿ. ಕೆಲವೊಮ್ಮೆ ವಿಎಂನ ಸ್ಥಿತಿಯನ್ನು ಆ ಸರ್ವರಿಗೆ ತುಂಬಿಸುವಾಗಲೇ ವರ್ಗಾವಣೆ ಸೋಲುತ್ತದೆ, ಅದು ಒಳ್ಳೆಯದೇ. ವಿಎಂ ಮೊದಲಿನ ಜಾಗದಲ್ಲೇ ಮುಂದುವರಿಯುತ್ತದೆ. ಕೆಟ್ಟದ್ದೆಂದರೆ ವರ್ಗಾವಣೆ ಸಲೀಸಾಗಿ ಮುಗಿದಂತೆ ಕಂಡು, ಮುಂದಿನ ನಕಲಿನ ಹೊತ್ತಿಗೆ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಎಂದು ಡೇಟಾಬೇಸ್ ಸಾಯುವುದು.

ಆದ್ದರಿಂದ ವಿಎಂನ ಸೆಟ್ಟಿಂಗ್ ಫೈಲಾದ ಎಕ್ಸ್‌ಎಂಎಲ್‌ನಲ್ಲಿ ಸಿಪಿಯು ಮೋಡ್ "ಹೋಸ್ಟ್-ಪಾಸ್‌ಥ್ರೂ" (ಸರ್ವರಿನ ಸಿಪಿಯುವನ್ನು ಇದ್ದ ಹಾಗೆಯೇ ತೋರಿಸುವುದು) ಎಂದಿದ್ದರೆ ಮೊದಲು ಅದನ್ನು ತೆಗೆಯಿರಿ. "ಹೋಸ್ಟ್-ಮಾಡೆಲ್" (ಚಾಲು ಮಾಡಿದ ಸರ್ವರಿನ ಸಿಪಿಯುವಿಗೆ ಹತ್ತಿರದ ಮಾದರಿ) ಪರವಾಗಿಲ್ಲ, ಆದರೆ ಅದರಲ್ಲೂ ಒಂದು ಅಪಾಯ ಉಂಟು. ಹಳೆಯದರಿಂದ ಹೊಸದಕ್ಕೆ ವಿಎಂ ಚೆನ್ನಾಗಿ ಹೋಗುತ್ತದೆ, ವಾಪಸೂ ಬರುತ್ತದೆ. ಮಧ್ಯೆ ಯಾರಾದರೂ ಅದನ್ನು ಹೊಸ ಸರ್ವರಿನಲ್ಲಿ ಶಟ್‌ಡೌನ್ ಮಾಡಿ ಚಾಲು ಮಾಡಿದರೆ ಹೊಸ ಸಿಪಿಯುವಿನ ಎಲ್ಲ ಗುಣಗಳನ್ನೂ ಹಿಡಿದುಕೊಳ್ಳುತ್ತದೆ. ಆಮೇಲೆ ಮೇಲಿನ ಮಹಡಿಗೆ ಮರಳಲಾರದು.

ನಿಮಗೆ ಬೇಕಾದದ್ದು ಎರಡೂ ಇಂಟೆಲ್ ಸರ್ವರುಗಳಿಗೆ ಸಮಾನವಾದ ಸಿಪಿಯು. ಎರಡರಲ್ಲೂ ವಿರ್ಶ್‌ನ (ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್ ಸಾಫ್ಟ್‌ವೇರಿನ ಆಜ್ಞಾ ಸಾಧನ) ಡೊಮ್‌ಕೇಪಬಿಲಿಟೀಸ್ ಆಜ್ಞೆ ಕೊಟ್ಟು, ಬಂದದ್ದನ್ನು ಒಂದೇ ಫೈಲಿಗೆ ಸೇರಿಸಿ, ಅದನ್ನು ಹೈಪರ್‌ವೈಸರ್-ಸಿಪಿಯು-ಬೇಸ್‌ಲೈನ್ ಆಜ್ಞೆಗೆ ಮೈಗ್ರೇಟಬಲ್ ಆಯ್ಕೆಯೊಂದಿಗೆ ಕೊಡಿ. ಅದು ಕೊಡುವ ಸಿಪಿಯು ಭಾಗವನ್ನು ಮೂರೂ ವಿಎಂಗಳ ಎಕ್ಸ್‌ಎಂಎಲ್‌ಗೆ ಹಾಕಿ. ವಿಎಂ ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು. ವಿಎಂ ಅನ್ನು ಓಡಿಸುವ ಹೊರಗಿನ ಕ್ಯೂಎಮು ಪ್ರೋಸೆಸ್ ಹಳೆಯದೇ ಉಳಿಯುತ್ತದೆ. ಪೂರ್ತಿ ಶಟ್‌ಡೌನ್ ಮಾಡಿ, ಮತ್ತೆ ಚಾಲು ಮಾಡಬೇಕು. ವಿಎಂ ನಿರ್ವಹಣೆಗೆ ಪ್ರಾಕ್ಸ್‌ಮಾಕ್ಸ್ ಬಳಸುವವರಿಗೆ ಇದು ಸುಲಭ: 2023ರ 8ನೇ ಆವೃತ್ತಿಯಿಂದ ಹೊಸ ವಿಎಂಗಳಿಗೆ ಹಲವು ಸಿಪಿಯುಗಳಿಗೆ ಸಮಾನವಾದ ಎಕ್ಸ್86-64-ವಿ2-ಎಇಎಸ್ ಮಾದರಿ ತಾನಾಗಿಯೇ ಬರುತ್ತದೆ.

ಎಎಂಡಿಗೆ ಬೇಡವೆನ್ನುವುದು ಯಾಕೆ? ಎರಡರಲ್ಲೂ ಇರುವ ಗುಣಗಳನ್ನಷ್ಟೇ ಆರಿಸಿದರೂ, ಸಿಪಿಯು ಯಾವ ಕಂಪೆನಿಯದ್ದು ಎಂದು ನೋಡಿಯೇ ಕರ್ನಲ್ ಬೂಟ್ ಹೊತ್ತಿನಲ್ಲಿ ತನ್ನ ಕೋಡನ್ನು ತಿದ್ದಿಕೊಂಡಿರುತ್ತದೆ. ಸ್ಪೆಕ್ಟರ್ ಎಂಬ ಸಿಪಿಯು ಭದ್ರತಾ ದೋಷಕ್ಕೆ 2018ರಿಂದ ಬಂದ ತಡೆಗಳೂ ಎರಡಕ್ಕೂ ಒಂದೇ ಅಲ್ಲ. ಕೆಲವೊಮ್ಮೆ ನಡೆದೀತು, ಆದರೆ ಭರವಸೆ ಇಲ್ಲ. ವಿಎಂ ಸಾಫ್ಟ್‌ವೇರ್ ಮಾಡುವ ವಿಎಂವೇರ್ ಅಂತೂ ಇದಕ್ಕೆ ಬೆಂಬಲವನ್ನೇ ಕೊಡುವುದಿಲ್ಲ. ಆರ್ಮ್ ಯಂತ್ರಗಳ ಮಾತು ಬೇರೆಯೇ, ಅಲ್ಲಿ ಇನ್‌ಸ್ಟ್ರಕ್ಷನ್‌ಗಳೇ ಬೇರೆ.

ಇನ್ನು ಯುಪಿಎಸ್ ಲೆಕ್ಕ. ರಥಬೀದಿಯ ದಿನಸಿ ಅಂಗಡಿಯನ್ನು ವ್ಯಾಪಾರ ನಿಲ್ಲಿಸದೆ ಸ್ಥಳಾಂತರ ಮಾಡಿದ ಹಾಗೆ ಇದು. ಮೊದಲ ಸುತ್ತಿನಲ್ಲಿ ಇಡೀ ಮೆಮೊರಿ ಹೋಗುತ್ತದೆ. ಆ ಹೊತ್ತಿನಲ್ಲಿ ಬದಲಾದ ಮೆಮೊರಿ ಪುಟಗಳು (ತುಣುಕುಗಳು) ಎರಡನೇ ಸುತ್ತಿನಲ್ಲಿ, ಮತ್ತೆ ಬದಲಾದವು ಮೂರನೇ ಸುತ್ತಿನಲ್ಲಿ. ಉಳಿದದ್ದನ್ನು 300 ಮಿಲಿಸೆಕೆಂಡಿನೊಳಗೆ ಕಳಿಸಬಹುದೆಂದು ಕಂಡಾಗಲೇ ವಿಎಂ ಅನ್ನು ಕ್ಷಣಕಾಲ ನಿಲ್ಲಿಸಿ ದಾಟಿಸುತ್ತದೆ. 1 ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 112 ಎಂಬಿ ಹೋಗುತ್ತದೆ ಅನ್ನಿ. 16 ಜಿಬಿಯ ವಿಎಂನ ಮೊದಲ ಸುತ್ತಿಗೇ ಎರಡೂವರೆ ನಿಮಿಷ ಬೇಕು. ಇಂಥ ಮೂರು ವಿಎಂಗೆ ಎಂಟು ನಿಮಿಷ ಇಟ್ಟುಕೊಳ್ಳಿ. ಮಧ್ಯದ ನೆಟ್‌ವರ್ಕ್ ಸ್ವಿಚ್ಚಿಗೂ ಯುಪಿಎಸ್ ಇರಬೇಕು. ಇದನ್ನು ಮರೆಯುವವರೇ ಹೆಚ್ಚು.

ಡೇಟಾಬೇಸ್ ಸೆಕೆಂಡಿಗೆ 112 ಎಂಬಿಗಿಂತ ವೇಗವಾಗಿ ಮೆಮೊರಿ ಬದಲಿಸುತ್ತಿದ್ದರೆ ಸುತ್ತುಗಳು ಮುಗಿಯುವುದೇ ಇಲ್ಲ. ವಿರ್ಶ್‌ನ ಡೊಮ್‌ಜಾಬ್‌ಇನ್ಫೊ ಆಜ್ಞೆಯಲ್ಲಿ ನೋಡುತ್ತಿರಿ, ಉಳಿಕೆ ಇಳಿಯದಿದ್ದರೆ ವರ್ಗಾವಣೆ ನಿಲ್ಲಿಸಿ ಆಟೋ-ಕನ್ವರ್ಜ್ ಆಯ್ಕೆಯೊಂದಿಗೆ ಮತ್ತೆ ಶುರು ಮಾಡಿ, ಅದು ವಿಎಂನ ಸಿಪಿಯುವನ್ನೇ ನಿಧಾನ ಮಾಡುತ್ತದೆ. ಪೋಸ್ಟ್-ಕಾಪಿ ಬೇಡ. ಅದರಲ್ಲಿ ವಿಎಂ ಮೊದಲು ದಾಟಿ, ಮೆಮೊರಿ ಹಿಂದಿನಿಂದ ಬರುತ್ತದೆ. ಸಿಡಿಲಿನ ದಿನ ನಡುವೆ ಮೇಲಿನ ಸರ್ವರ್ ಆರಿದರೆ ವಿಎಂ ಎರಡೂ ಕಡೆ ಇಲ್ಲ.

ವಿಎಂನ ಡಿಸ್ಕ್ ಎರಡೂ ಸರ್ವರಿಗೆ ಕಾಣುವ ಎನ್‌ಎಫ್‌ಎಸ್‌ನಲ್ಲಿರಲಿ (ನೆಟ್‌ವರ್ಕ್ ಮೂಲಕ ಹಂಚುವ ಸಂಗ್ರಹ), ಆ ಸಂಗ್ರಹದ ಪೆಟ್ಟಿಗೆಯೂ ಜನರೇಟರ್ ಇರುವ ಕೆಳಗೇ ಇರಲಿ, ಡಿಸ್ಕಿನ ಕ್ಯಾಶ್ ಆಯ್ಕೆ "none" ಇರಲಿ. ಸ್ಥಳೀಯ ಡಿಸ್ಕಾದರೆ 500 ಜಿಬಿ ಕಳಿಸಲು ಒಂದೂಕಾಲು ಗಂಟೆ, ಯುಪಿಎಸ್ ಅಷ್ಟು ತಾಳದು. ಬ್ರಿಜ್ (ವಿಎಂ ಅನ್ನು ನೆಟ್‌ವರ್ಕಿಗೆ ಸೇರಿಸುವ ಸಾಫ್ಟ್‌ವೇರ್ ಸ್ವಿಚ್) ಹೆಸರು ಎರಡೂ ಕಡೆ ಒಂದೇ ಇರಬೇಕು. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ 22 ಅಲ್ಲದೆ 49152ರಿಂದ 49215ರವರೆಗಿನ ಪೋರ್ಟುಗಳೂ ತೆರೆದಿರಬೇಕು.

ನಿಮ್ಮಂಥ ಕಚೇರಿಯಲ್ಲಿ ಇನ್ನೊಂದು ತೊಡಕು: ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ನನ್ನು ನೇರವಾಗಿ ವಿಎಂಗೆ ಕೊಟ್ಟಿದ್ದರೆ ಲಿಬ್‌ವರ್ಟ್ ಸಾಗಿಸಲು ಒಪ್ಪುವುದಿಲ್ಲ. ಮೊದಲು ಅದನ್ನು ವಿಎಂನಿಂದ ಬಿಡಿಸಿ, ದಾಟಿದ ಮೇಲೆ ಕೆಳಗಿನ ಸರ್ವರಿಗೆ ಸಿಕ್ಕಿಸಿ ಮತ್ತೆ ಜೋಡಿಸಿ. ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಒಂದು ಭಾನುವಾರ, ಕರೆಂಟ್ ಇರುವಾಗಲೇ, ಮೂರನ್ನೂ ಕೆಳಗೆ ಇಳಿಸಿ ಮೇಲೆ ಹತ್ತಿಸಿ ನೋಡಿ, ಗಡಿಯಾರದಲ್ಲಿ ಹೊತ್ತು ಬರೆದಿಟ್ಟುಕೊಳ್ಳಿ.