ಡಿಗ್ರಿಯಲ್ಲಿ ಪತ್ರಿಕೋದ್ಯಮ: ಅಕ್ಕಪಕ್ಕದ ವಿಷಯಗಳ ಜೊತೆ ಬೆಳೆದ ಓದು

1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಒಂದು ರೇಡಿಯೊ ಕೇಂದ್ರ ಶುರು ಮಾಡಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಿತ್ತು. ಮುಂದೆ ಇಡೀ ದೇಶದ ರೇಡಿಯೊಗೂ ಅದೇ ಹೆಸರು ಬಂತು. ಗೋಪಾಲಸ್ವಾಮಿ ಎಂಜಿನಿಯರ್ ಅಲ್ಲ, ಪತ್ರಕರ್ತರೂ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು.

ಅದೇ ಕಾಲೇಜಿನಲ್ಲಿ 1951ರಲ್ಲಿ ಪತ್ರಿಕೋದ್ಯಮ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಅಮೆರಿಕದ ಮಿಸೌರಿಯಲ್ಲಿ ಓದಿ ಬಂದಿದ್ದ ನಾಡಿಗ ಕೃಷ್ಣಮೂರ್ತಿ. ಮಿಸೌರಿಯ ಪತ್ರಿಕೋದ್ಯಮ ಶಾಲೆ 1908ರಷ್ಟು ಹಳೆಯದು. ಅಲ್ಲಿನ ವಿದ್ಯಾರ್ಥಿಗಳು ಊರಿನ ಜನ ಓದುವ ನಿಜವಾದ ಪತ್ರಿಕೆಯನ್ನೇ ತಯಾರಿಸುತ್ತ ಕಲಿಯುತ್ತಾರೆ.

ನಮ್ಮ ದೇಶದಲ್ಲಿ ಇದಕ್ಕೂ ಮೊದಲು ಪ್ರಯತ್ನ ಆಗಿರಲಿಲ್ಲ ಅಂತಲ್ಲ. 1920ರಲ್ಲೇ ಆನಿ ಬೆಸೆಂಟ್ ಅಡ್ಯಾರ್‌ನಲ್ಲಿ ಪತ್ರಿಕೋದ್ಯಮ ಕಲಿಸಲು ಹೊರಟಿದ್ದರು. 1938ರಲ್ಲಿ ಅಲಿಗಢ, 1941ರಲ್ಲಿ ಲಾಹೋರ್. ಅಲಿಗಢದ್ದು ಜಾಸ್ತಿ ದಿನ ಬಾಳಲಿಲ್ಲ. ಲಾಹೋರಿನ ವಿಭಾಗ ದೇಶ ವಿಭಜನೆಯಾದ ಮೇಲೆ ದೆಹಲಿಗೆ ಬಂತು. ಇವೆಲ್ಲ ಹೆಚ್ಚಾಗಿ ಡಿಪ್ಲೊಮಾ ಮಾದರಿಯವು, ಕೆಲಸ ಕಲಿಸುವ ಕೋರ್ಸುಗಳು.

ಮೈಸೂರು ಬೇರೆ ದಾರಿ ಹಿಡಿಯಿತು. ಬಿಎ ಓದುವ ಹುಡುಗ ಹುಡುಗಿಯರು ಮೂರು ಐಚ್ಛಿಕ ವಿಷಯಗಳಲ್ಲಿ ಒಂದಾಗಿ ಪತ್ರಿಕೋದ್ಯಮ ತಗೊಳ್ಳಬಹುದಿತ್ತು. ಇತಿಹಾಸ, ಅರ್ಥಶಾಸ್ತ್ರ, ಸಾಹಿತ್ಯದ ಪಕ್ಕದಲ್ಲೇ ಇದಕ್ಕೂ ಒಂದು ಜಾಗ. ಕಾಲೇಜಿನ ಭಾಷೆಯಲ್ಲಿ ಹೇಳುವುದಾದರೆ, ‘ಕಾಂಬಿನೇಷನ್’. ಕರ್ನಾಟಕದ ಊರೂರಿನ ಡಿಗ್ರಿ ಕಾಲೇಜುಗಳಿಗೆ ಈ ವಿಷಯ ತಲುಪಿದ್ದು ಈ ದಾರಿಯಲ್ಲೇ. ನನ್ನ ಮಟ್ಟಿಗೆ ಇದು ತುಂಬ ಸರಿಯಾದ ತೀರ್ಮಾನ.

ಯಾಕೆ ಅಂತ ತರಗತಿಯ ಒಂದು ಸಾಮಾನ್ಯ ಅಭ್ಯಾಸದಿಂದಲೇ ನೋಡಬಹುದು. ವಿದ್ಯಾರ್ಥಿಯ ಕೈಗೆ ಒಂದು ಗ್ರಾಮ ಪಂಚಾಯಿತಿ ಸಭೆಯ ನಡಾವಳಿ ಕೊಡಿ, ಸುದ್ದಿ ಬರೆಯಲು ಹೇಳಿ. ನಡಾವಳಿ ಶುರುವಾಗುವುದು ಸ್ವಾಗತದಿಂದ. ಬೋರ್‌ವೆಲ್ ಮೋಟಾರು ಸುಟ್ಟು ಕೇರಿಗೆ ನೀರಿಲ್ಲ ಎನ್ನುವ ಮಾತು ಮೂರನೇ ಪುಟದಲ್ಲೆಲ್ಲೋ ಇರುತ್ತದೆ. ಅದನ್ನು ಹುಡುಕಿ ಮೊದಲ ಸಾಲಿಗೆ ತರುವುದು, ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಅನ್ನುವುದನ್ನು ಕೆಲವೇ ಸಾಲಿನಲ್ಲಿ ಮುಗಿಸುವುದು ಒಂದು ಕೌಶಲ. ಕೆಲವು ತಿಂಗಳು ಕೂತು ಬರೆದರೆ ಬರುತ್ತದೆ. ಆದರೆ ರಿಪೇರಿಗೆ ಇಟ್ಟಿದ್ದ ದುಡ್ಡು ಯಾವ ಅನುದಾನದ್ದು, ಅದನ್ನು ಬೇರೆ ಕೆಲಸಕ್ಕೆ ಹಾಕಬಹುದಾ, ಅದೇ ಕೇರಿಗೆ ಪ್ರತಿ ಸಲ ನೀರು ತಪ್ಪುವುದು ಯಾಕೆ? ಈ ಪ್ರಶ್ನೆಗಳು ಹುಟ್ಟಬೇಕಾದರೆ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಸ್ವಲ್ಪವಾದರೂ ತಲೆಗೆ ಹೋಗಿರಬೇಕು.

ಅಮೆರಿಕದಲ್ಲಿ ಸಂವಹನ ಅಧ್ಯಯನ, ಅಂದರೆ ಸುದ್ದಿ, ಮಾತು ಜನರನ್ನು ಹೇಗೆ ತಲುಪುತ್ತದೆ ಅನ್ನುವ ಓದು, ಬೆಳೆದದ್ದೂ ಹೀಗೇ. 1940ರ ದಶಕದಲ್ಲಿ ಅದಕ್ಕೆ ತಳಹದಿ ಹಾಕಿದವರಲ್ಲಿ ಹೆರಾಲ್ಡ್ ಲಾಸ್ವೆಲ್ ರಾಜ್ಯಶಾಸ್ತ್ರದವರು, ಪಾಲ್ ಲಾಜರ್ಸ್‌ಫೆಲ್ಡ್ ಸಮಾಜಶಾಸ್ತ್ರದವರು, ಕಾರ್ಲ್ ಹಾವ್‌ಲ್ಯಾಂಡ್ ಮನಶ್ಶಾಸ್ತ್ರದವರು. ಅದನ್ನು ಒಂದು ವಿಷಯವಾಗಿ ವಿಶ್ವವಿದ್ಯಾಲಯದೊಳಗೆ ಕೂರಿಸಿದ ವಿಲ್ಬರ್ ಶ್ರಾಮ್ ಓದಿದ್ದು ಇಂಗ್ಲಿಷ್ ಸಾಹಿತ್ಯ. ಯುದ್ಧಕಾಲದ ಪ್ರಚಾರ, ರೇಡಿಯೊ ಕೇಳುಗರು, ಚುನಾವಣೆ ಎಲ್ಲವೂ ಅವರ ಪ್ರಶ್ನೆಗಳಾಗಿದ್ದವು.

ಭಾರತದಲ್ಲೂ ಪತ್ರಿಕೆ ಒಂದನ್ನೇ ಓದಿದರೆ ಸಾಲದು ಅನ್ನುವುದು ನಿಧಾನವಾಗಿ ಅರ್ಥವಾಯಿತು. 1965ರಲ್ಲಿ ದೆಹಲಿಯಲ್ಲಿ ಭಾರತೀಯ ಸಮೂಹ ಸಂವಹನ ಸಂಸ್ಥೆ ಶುರುವಾಯಿತು. 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ (SITE) ಎಂಬ, ಟಿವಿಯಿಂದ ಹಳ್ಳಿಗರಿಗೆ ಕಲಿಸುವ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಕಾರ್ಯಕ್ರಮ ಬಂತು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಬೇಸಾಯ, ಆರೋಗ್ಯ, ಶಿಕ್ಷಣದ ವಿಷಯ ಹೇಳಿದರೆ ಜನ ಏನು ತಿಳಿದುಕೊಳ್ಳುತ್ತಾರೆ, ಏನು ಬಿಡುತ್ತಾರೆ ಅನ್ನುವುದೇ ಓದಿನ ವಸ್ತುವಾಯಿತು. ವಿಭಾಗಗಳ ಹೆಸರಿನಲ್ಲಿ ‘ಸಮೂಹ ಸಂವಹನ’ವೂ ಸೇರಿಕೊಂಡಿತು. 1990ರ ದಶಕದಲ್ಲಿ ಖಾಸಗಿ ಚಾನೆಲ್‌ಗಳು ಬಂದ ಮೇಲೆ ಕ್ಯಾಮೆರಾ, ಎಡಿಟಿಂಗ್, ಜಾಹೀರಾತು ಕಲಿಸುವ ಪ್ರತ್ಯೇಕ ಪದವಿಗಳು ಹೆಚ್ಚಾದವು.

ನನಗೆ ಬೇಸರ ಆಗುವುದು ಇಲ್ಲೇ. ಸ್ಟುಡಿಯೊ ಬೇಕು, ಖಂಡಿತ ಬೇಕು. ಆದರೆ ಸ್ಟುಡಿಯೊ ತೋರಿಸಿ ಅಕ್ಕಪಕ್ಕದ ವಿಷಯಗಳನ್ನು ಕೈಬಿಟ್ಟರೆ ವಿದ್ಯಾರ್ಥಿಗೇ ನಷ್ಟ. ಇವತ್ತು ಕಲಿತ ಸಾಫ್ಟ್‌ವೇರ್ ನಾಲ್ಕೈದು ವರ್ಷದಲ್ಲಿ ಹಳೆಯದಾಗುತ್ತದೆ. ಬಜೆಟ್ ಓದಲು ಕಲಿತದ್ದು ಹಾಗಾಗುವುದಿಲ್ಲ, ಅಲ್ವಾ?

ಪದವಿಯ ಚೌಕಟ್ಟೂ ಇತ್ತೀಚೆಗೆ ಎರಡು ಸಲ ಬದಲಾಯಿತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಕರ್ನಾಟಕಕ್ಕೆ ನಾಲ್ಕು ವರ್ಷದ ಪದವಿ ಬಂತು. ಮೂರು ಐಚ್ಛಿಕಗಳ ಜಾಗದಲ್ಲಿ ಎರಡು ಮುಖ್ಯ ವಿಷಯಗಳು ನಿಂತವು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ, ಮೂರು ವಿಷಯಗಳ ಕ್ರಮಕ್ಕೆ ಮರಳಿತು. ಮಧ್ಯದಲ್ಲಿ ಸೇರಿದ ಮಕ್ಕಳಿಗೂ ಮೇಷ್ಟ್ರಿಗೂ ಇದು ಸುಲಭದ ಓಡಾಟವಲ್ಲ. ಆದರೂ ಮೂರು ವಿಷಯ ವಾಪಸ್ ಬಂದದ್ದು ಪತ್ರಿಕೋದ್ಯಮ ಓದುವವರಿಗೆ ಒಳ್ಳೆಯದೇ. ಸೀಟು ಹಿಡಿಯುವ ಮೊದಲು ಪತ್ರಿಕೋದ್ಯಮದ ಜೊತೆ ಕೊಡುವ ಇನ್ನೆರಡು ವಿಷಯ ಯಾವುವು, ವಿದ್ಯಾರ್ಥಿಗಳೇ ತರುವ ಪ್ರಾಯೋಗಿಕ ಪತ್ರಿಕೆ ನಿಜಕ್ಕೂ ಅಚ್ಚಾಗುತ್ತದಾ ಎಂದು ವಿಭಾಗದಲ್ಲೇ ಕೇಳಿ. ಹಳೇ ಸಂಚಿಕೆ ಇದ್ದರೆ ತೋರಿಸುತ್ತಾರೆ.