ಅಟ್ಟದ ಇಲಿ ಪ್ಲಗ್ಗಿನ ಯಂತ್ರಕ್ಕೆ ಹೆದರುತ್ತಾ?

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ಅಟ್ಟದ ತುಂಬ ಉಂಡೆ ಕೊಬ್ಬರಿಗೆ ಬಿಟ್ಟ ಕಾಯಿ, ಮೂಲೆಯಲ್ಲಿ ರಾಗಿ ಮೂಟೆ. ಇಲಿ ಕಾಟ ಅಂತ ಮಗ ಪ್ಲಗ್ಗಿಗೆ ಹಾಕುವ ಅಲ್ಟ್ರಾಸಾನಿಕ್ ಯಂತ್ರ ತಂದ. ಮೊದಲ ವಾರ ಇಲಿ ಸುಳಿವೇ ಇರಲಿಲ್ಲ. ಈಗ ಮತ್ತೆ ಶುರುವಾಗಿದೆ. ಯಂತ್ರ ಕೆಟ್ಟಿದೆಯಾ?

ಉತ್ತರ: ಯಂತ್ರ ಕೆಟ್ಟಿರಲಿಕ್ಕಿಲ್ಲ. ನಿಮ್ಮ ಇಲಿಗಳಿಗೆ ಅದು ಅಭ್ಯಾಸವಾಗಿದೆ.

ಇದು 20,000 ಹರ್ಟ್ಸ್‌ಗಿಂತ ಮೇಲಿನ ಸದ್ದು ಮಾಡುತ್ತದೆ. ನಮ್ಮ ಕಿವಿಗೆ ಕೇಳಿಸಲ್ಲ, ಇಲಿಗೆ ಚೆನ್ನಾಗೇ ಕೇಳಿಸುತ್ತದೆ. ಅಷ್ಟು ಮಾತ್ರ ನಿಜ. ಇಲಿ ಬಲು ಅನುಮಾನದ ಪ್ರಾಣಿ. ಹೊಸದೇನು ಕಂಡರೂ, ಕೇಳಿಸಿದರೂ ನಾಲ್ಕು ದಿನ ದೂರ ಇರುತ್ತದೆ. ಆಮೇಲೆ ಆ ಸದ್ದಿನಿಂದ ಏನೂ ಆಗಲ್ಲ ಅಂತ ಗೊತ್ತಾಗುತ್ತದೆ. ರಾಗಿ ಅಲ್ಲೇ ಇದೆ, ವಾಪಸ್ ಬರುತ್ತದೆ. ನಾವು ಮೋಸ ಹೋಗುವುದು ಆ ಮೊದಲ ವಾರದಲ್ಲೇ. ಅಷ್ಟರಲ್ಲಿ ಪಕ್ಕದ ಮನೆಯವರಿಗೂ ತಗೊಳ್ಳಿ ಅಂತ ಹೇಳಿಬಿಟ್ಟಿರುತ್ತೇವೆ, ಅಲ್ವಾ?

ಈ ಸದ್ದು ಗಾಳಿಯಲ್ಲಿ ಜಾಸ್ತಿ ದೂರವೂ ಹೋಗಲ್ಲ. ಗೋಡೆ, ಮೂಟೆ, ಕಾಯಿ ರಾಶಿ ಅಡ್ಡ ಬಂದರೆ ಅಲ್ಲೇ ನಿಲ್ಲುತ್ತದೆ. ಇಲಿ ಇರುವುದು ರಾಶಿಯ ಹಿಂದೆ. ಇನ್ನೊಂದು ಯಂತ್ರ ತಂದರೂ ದುಡ್ಡು ದಂಡ. 2001ರಲ್ಲೇ ಅಮೆರಿಕದ ವ್ಯಾಪಾರ ಆಯೋಗ ಇಂಥವನ್ನು ಮಾಡುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ, ಪುರಾವೆ ಇಲ್ಲದೆ ಹೇಳಿಕೊಳ್ಳಬೇಡಿ ಅಂತ ಎಚ್ಚರಿಕೆ ಪತ್ರ ಕಳಿಸಿತ್ತು.

ಕೆಲವು ಡಬ್ಬಿಗಳ ಮೇಲೆ ಸೊಳ್ಳೆ ಚಿತ್ರವೂ ಇರುತ್ತದೆ. ಸದ್ದಿನಿಂದ ಸೊಳ್ಳೆ ಓಡಿಸುವ ಯಂತ್ರಗಳ 10 ಪರೀಕ್ಷೆಗಳನ್ನು ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆ 2007ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಒಂದರಲ್ಲೂ ಕಡಿತ ಕಡಿಮೆಯಾಗಿರಲಿಲ್ಲ. ಇದನ್ನು ನಂಬಿ ಮಕ್ಕಳನ್ನು ಸೊಳ್ಳೆ ಪರದೆ ಇಲ್ಲದೆ ಮಲಗಿಸಬೇಡಿ, ದಯವಿಟ್ಟು.

ಈಗ ಅಟ್ಟದ ಕೆಲಸ. ಸಣ್ಣ ಇಲಿಗೆ ಪೆನ್ಸಿಲ್ ದಪ್ಪದ ಸಂದು ಸಾಕು. ಗೋಡೆಯ ತೂತಿಗೆ ಸಿಮೆಂಟ್ ಮೆತ್ತಿ. ಸೂರಿನ ಕೆಳಗೆ ಮಾತ್ರ ಪೂರ್ತಿ ಮುಚ್ಚಬೇಡಿ, ಕಾಯಿಗೆ ಗಾಳಿ ಬೇಕು. ಅಲ್ಲಿಗೆ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹೊಡೆಸಿ. ರಾಗಿಯನ್ನು ಮುಚ್ಚಳ ಇರುವ ತಗಡಿನ ಡ್ರಮ್ಮಿಗೆ ಸುರಿಯಿರಿ. ಮಾಡಿಗೆ ತಾಗುವ ಗರಿ, ಕೊಂಬೆ ಕಡಿಸಿ.

ಆಮೇಲೆ ಬೋನು. ಇಲಿ ಗೋಡೆ ಸವರಿಕೊಂಡೇ ಓಡಾಡುತ್ತದೆ, ಹಾಗಾಗಿ ಗೋಡೆಗೆ ಒತ್ತಿ ಇಡಿ. ಕೊಬ್ಬರಿ ಚೂರು ಸಿಕ್ಕಿಸಬೇಡಿ, ಅಟ್ಟದ ತುಂಬ ಅದೇ ಇದೆಯಲ್ಲ. ಬೋಂಡಾ ಅಥವಾ ಒಣ ಮೀನು ಇಡಿ. ಬೋನೂ ಇಲಿಗೆ ಹೊಸದೇ. ನಾಲ್ಕು ರಾತ್ರಿ ಬಾಗಿಲು ತೆರೆದು ಕಟ್ಟಿ, ಸುಮ್ನೆ ತಿಂದು ಹೋಗಲಿ. ಐದನೇ ರಾತ್ರಿ ಕೊಕ್ಕೆ ಹಾಕಿ.