ಕೀಫ್ರೇಮ್: ಚುಕ್ಕಿ ನಮ್ಮದು, ಎಳೆ ಯಾರದ್ದು?

ಬಸವನಗುಡಿಯ ಕಡಲೆಕಾಯಿ ಪರಿಷೆ ಮೇಲೆ ಒಂದು ಚಿಕ್ಕ ವಿಡಿಯೊ ಮಾಡುತ್ತಿದ್ದೆವು. ಶುರುವಿನಲ್ಲಿ ಬೆಂಗಳೂರಿನ ಮ್ಯಾಪು. ಅದರ ಮೇಲೆ ಒಂದು ಆಟೋದ ಚಿತ್ರ ಮೆಜೆಸ್ಟಿಕ್‌ನಿಂದ ಹೊರಡಬೇಕು, ಟೌನ್‌ಹಾಲ್ ಸಿಗ್ನಲ್‌ನಲ್ಲಿ 2 ಸೆಕೆಂಡ್ ನಿಲ್ಲಬೇಕು, ಆಮೇಲೆ ಬಸವನಗುಡಿ ಸೇರಬೇಕು. ಹೊಸದಾಗಿ ಎಡಿಟಿಂಗ್ ಕಲಿಯುತ್ತಿದ್ದ ಹುಡುಗನಿಗೆ ಈ ಕೆಲಸ ಕೊಟ್ಟೆ. ಅರ್ಧ ಗಂಟೆ ಬಿಟ್ಟು ಬಂದು ಹೇಳಿದ: "ಅಣ್ಣಾ, ಆಟೋ ಸಿಗ್ನಲ್‌ನಲ್ಲಿ ನಿಲ್ತಾನೇ ಇಲ್ಲ."

ನೋಡಿದರೆ ನಿಜ. ಟೌನ್‌ಹಾಲ್ ತನಕ ಬಂದ ಆಟೋ ಅಲ್ಲಿಂದ ಸ್ವಲ್ಪ ಮುಂದಕ್ಕೆ ಜಾರುತ್ತಿತ್ತು. ಒಂದು ಸಣ್ಣ ಸುತ್ತು ಹೊಡೆದು ವಾಪಸ್ ಅದೇ ಜಾಗಕ್ಕೆ ಬರುತ್ತಿತ್ತು. ಆಮೇಲೆ ಏನೂ ಆಗದವರ ಹಾಗೆ ಬಸವನಗುಡಿ ಕಡೆ ಹೋಗುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಲು ಹುಡುಗ 11 ಕೀಫ್ರೇಮ್ ಹೊಡೆದಿದ್ದ. ಒಂದೊಂದು ಹಾಕಿದಾಗಲೂ ಆಟೋ ಇನ್ನೂ ಜಾಸ್ತಿ ನಡುಗುತ್ತಿತ್ತು.

ಈ ಕೀಫ್ರೇಮ್ ಅಂದ್ರೆ ಏನು? ಚುಕ್ಕಿ ರಂಗೋಲಿ ನೆನಪು ಮಾಡಿಕೊಳ್ಳಿ. ಮೊದಲು ಚುಕ್ಕಿ ಇಡುತ್ತಾರೆ, ಆಮೇಲೆ ಎಳೆ ಎಳೆಯುತ್ತಾರೆ. ಕೀಫ್ರೇಮ್ ಎಂದರೆ ಆ ಚುಕ್ಕಿ. "ಇಷ್ಟನೇ ಸೆಕೆಂಡಿನಲ್ಲಿ ಈ ವಸ್ತು ಇಲ್ಲಿರಬೇಕು" ಎಂದು ನಾವು ಸಾಫ್ಟ್‌ವೇರ್‌ಗೆ ಹೇಳುವ ಮಾತು. ಜಾಗವೇ ಆಗಬೇಕೆಂದಿಲ್ಲ. ವಸ್ತು ಎಷ್ಟು ದೊಡ್ಡದು, ಎಷ್ಟು ತಿರುಗಿದೆ, ಎಷ್ಟು ಮಸುಕು, ಹಾಡಿನ ಸೌಂಡ್ ಎಷ್ಟು, ಯಾವುದಕ್ಕೂ ಚುಕ್ಕಿ ಇಡಬಹುದು. ಎರಡು ಚುಕ್ಕಿಗಳ ನಡುವಿನ ಎಳೆಯನ್ನು ಸಾಫ್ಟ್‌ವೇರ್ ತಾನೇ ಲೆಕ್ಕ ಹಾಕಿ ತುಂಬುತ್ತದೆ. ಈ ತುಂಬುವ ಕೆಲಸಕ್ಕೆ ಇಂಟರ್‌ಪೊಲೇಶನ್ ಎನ್ನುತ್ತಾರೆ. ಗೊಂದಲ ಆಗುವುದೆಲ್ಲ ಇಲ್ಲೇ. ಚುಕ್ಕಿ ನಾವಿಟ್ಟದ್ದು. ಎಳೆಯನ್ನು ನಾವು ನೋಡಿಯೇ ಇರುವುದಿಲ್ಲ.

ಹೆಸರು ಬಂದದ್ದು ಕೈಯಲ್ಲಿ ಬರೆಯುತ್ತಿದ್ದ ಕಾರ್ಟೂನ್ ಕಾಲದಿಂದ. ಪಳಗಿದ ಕಲಾವಿದರು ಮುಖ್ಯ ಭಂಗಿಗಳನ್ನಷ್ಟೇ ಬರೆಯುತ್ತಿದ್ದರು. ನಡುವಿನ ಚಿತ್ರಗಳು ಸಹಾಯಕರ ಪಾಲು. ಅವರನ್ನು ಇನ್‌ಬಿಟ್ವೀನರ್ ಎಂದೇ ಕರೆಯುತ್ತಿದ್ದರು. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ನೆಸ್ಟರ್ ಬರ್ಟ್ನಿಕ್ ಮತ್ತು ಮಾರ್ಸೆಲಿ ವೈನ್ ಎಂಬ ಇಬ್ಬರು ಆ ಸಹಾಯಕರ ಕೆಲಸವನ್ನು ಕಂಪ್ಯೂಟರ್‌ಗೆ ಕಲಿಸಿದರು. 1970ರ ಹೊತ್ತಿನ ಮಾತು. ಕೀಫ್ರೇಮ್‌ಗೆ ಕನ್ನಡದಲ್ಲಿ 'ಕೀಲಿ ಚೌಕಟ್ಟು' ಎನ್ನಬಹುದೇನೋ. ನನಗಂತೂ ಹಾಗೆಂದರೆ ಬೀಗ ರಿಪೇರಿ ಅಂಗಡಿ ಕಣ್ಮುಂದೆ ಬರುತ್ತದೆ. ಸ್ಟುಡಿಯೊದಲ್ಲಿ ಎಲ್ಲರೂ 'ಕೀ ಹಾಕು' ಎಂದೇ ಹೇಳುವುದು.

ಈಗ ಎಳೆಯ ವಿಷಯ. ಮ್ಯಾಪು 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರ. ಪಿಕ್ಸೆಲ್ ಎಂದರೆ ಪರದೆಯ ಒಂದು ಪುಟ್ಟ ಚೌಕ. ಲೆಕ್ಕ ಶುರುವಾಗುವುದು ಎಡಗಡೆ ಮೇಲಿನ ಮೂಲೆಯಿಂದ. ಮೆಜೆಸ್ಟಿಕ್ ಇರುವುದು 600, 150ರಲ್ಲಿ, ಅಂದರೆ ಆ ಮೂಲೆಯಿಂದ 600 ಬಲಕ್ಕೆ, 150 ಕೆಳಕ್ಕೆ. ಟೌನ್‌ಹಾಲ್ 900, 450ರಲ್ಲಿ. ನಡುವೆ 4 ಸೆಕೆಂಡ್. ನಮ್ಮಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ, ಇಡುತ್ತೇವೆ, ಅಂದರೆ 100 ಫ್ರೇಮ್. ಸುಮ್ನೆ ಎರಡು ಕೀ ಹಾಕಿ ನೇರ ಎಳೆ, ಅಂದರೆ ಲೀನಿಯರ್, ಇಟ್ಟರೆ ಆಟೋ ಪ್ರತಿ ಫ್ರೇಮ್‌ಗೆ 3 ಪಿಕ್ಸೆಲ್ ಬಲಕ್ಕೆ, 3 ಪಿಕ್ಸೆಲ್ ಕೆಳಕ್ಕೆ ಹೋಗುತ್ತದೆ. ಮೊದಲ ಫ್ರೇಮ್‌ನಲ್ಲೂ 3, ಕೊನೆಯದರಲ್ಲೂ 3. ಹೊರಡುವಾಗಲೇ ಪೂರ್ತಿ ಸ್ಪೀಡು, ನಿಲ್ಲುವಾಗ ಗೋಡೆಗೆ ಹೊಡೆದ ಹಾಗೆ. ಇಂಥ ಗಾಡಿ ಯಾವ ಊರಲ್ಲೂ ಇಲ್ಲ.

ನಮ್ಮ ಮೆಟ್ರೋ ಹೇಗೆ ಹೊರಡುತ್ತದೆ ನೋಡಿ. ಮೊದಲು ನಿಧಾನ, ಮಧ್ಯದಲ್ಲಿ ಜೋರು, ಸ್ಟೇಷನ್ ಹತ್ತಿರ ಮತ್ತೆ ನಿಧಾನ. ಇದನ್ನು ತರುವುದಕ್ಕೆ ಈಸ್ ಎಂಬ ಆಯ್ಕೆ ಇದೆ. ಆಫ್ಟರ್ ಎಫೆಕ್ಟ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಕೀಗಳನ್ನು ಆರಿಸಿ ಎಫ್9 ಒತ್ತಿದರೆ ಆಯಿತು. ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕೀ ಮೇಲೆ ರೈಟ್ ಕ್ಲಿಕ್ ಮಾಡಿದರೆ ಟೆಂಪೊರಲ್ ಇಂಟರ್‌ಪೊಲೇಶನ್ ಒಳಗೆ ಸಿಗುತ್ತದೆ. ಎಫ್9 ಒತ್ತಿದ ಮೇಲೆ ಅದೇ 100 ಫ್ರೇಮ್‌ನ ಲೆಕ್ಕ ನೋಡಿ. ಮೊದಲ 10 ಫ್ರೇಮ್‌ನಲ್ಲಿ ಆಟೋ ಬಲಕ್ಕೆ ಹೋಗುವುದು 30 ಪಿಕ್ಸೆಲ್ ಅಲ್ಲ, ಹೆಚ್ಚುಕಮ್ಮಿ 8. ಆದರೆ ಒಟ್ಟು ದೂರ ಅಷ್ಟೇ, ಸಮಯವೂ ಅಷ್ಟೇ. ಹಾಗಾಗಿ ಎರಡು ತುದಿಯಲ್ಲಿ ಉಳಿಸಿಕೊಂಡದ್ದನ್ನು ಮಧ್ಯದಲ್ಲಿ ತೀರಿಸಬೇಕು. ನಟ್ಟನಡುವೆ ಫ್ರೇಮ್‌ಗೆ 4.5 ಪಿಕ್ಸೆಲ್ ಓಡುತ್ತದೆ, ಒಂದೂವರೆ ಪಟ್ಟು. "ಈಸ್ ಹಾಕಿದ್ಮೇಲೆ ಯಾಕೋ ಸ್ಪೀಡ್ ಆಯ್ತು" ಎಂದು ಜನ ಗೊಣಗುವುದು ಇದಕ್ಕೇ. ಸ್ಪೀಡ್ ಬೇಡ ಅನಿಸಿದರೆ ಎರಡನೇ ಕೀಯನ್ನು ಟೈಮ್‌ಲೈನ್‌ನಲ್ಲಿ ಸ್ವಲ್ಪ ಬಲಕ್ಕೆ ಎಳೆಯಿರಿ. ಹೊಸ ಕೀ ಹಾಕಬೇಡಿ.

ಹೆಸರಿನಲ್ಲೊಂದು ತಲೆನೋವಿದೆ. ಎಡಿಟಿಂಗ್‌ನಲ್ಲಿ ಈಸ್ ಇನ್ ಎಂದರೆ ಕೀ ಒಳಗೆ ಬರುವಾಗ ನಿಧಾನ, ಅಂದರೆ ತಲುಪುವಾಗ. ವೆಬ್‌ಸೈಟ್ ಮಾಡುವವರು ಪುಟದ ರೂಪಕ್ಕೆ ಬರೆಯುವ ಸಿಎಸ್‌ಎಸ್ ಎಂಬ ಕೋಡ್‌ನಲ್ಲಿ ಈಸ್ ಇನ್ ಎಂದರೆ ಹೊರಡುವಾಗ ನಿಧಾನ. ಪೂರ್ತಿ ಉಲ್ಟಾ. ಈ ಊರಲ್ಲಿ ಒಂದೇ ಟೇಬಲ್‌ನಲ್ಲಿ ಎಡಿಟರೂ ಕೋಡ್ ಬರೆಯುವವರೂ ಕಾಫಿ ಕುಡಿಯುತ್ತಾರಲ್ಲ, ಜಗಳ ಗ್ಯಾರಂಟಿ.

ಇನ್ನೂ ಹಿಡಿತ ಬೇಕಾದರೆ ಗ್ರಾಫ್ ತೆರೆಯಬೇಕು. ಅಲ್ಲಿ ಪ್ರತಿ ಕೀಗೂ ಹ್ಯಾಂಡಲ್ ಇರುತ್ತದೆ. ಅದನ್ನು ಎಳೆದರೆ ಗೆರೆ ಬಾಗುತ್ತದೆ. ಇದಕ್ಕೆ ಬೆಜಿಯೆ ಎಂದು ಹೆಸರು. ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ 1960ರ ದಶಕದಲ್ಲಿ ಕಾರಿನ ಬಾಡಿಯ ತಿರುವುಗಳನ್ನು ಬರೆಯಲು ಬಳಸಿದ ಗೆರೆ ಅದು. ಕಾರಿನ ಬಾನೆಟ್ ಬಗ್ಗಿಸಿದ ಗಣಿತವೇ ಈಗ ನಮ್ಮ ಆಟೋ ಓಡಿಸುತ್ತಿದೆ. ಅಡ್ಡಕ್ಕೆ ಸಮಯ, ಉದ್ದಕ್ಕೆ ಜಾಗದ ಅಂಕಿ ತೋರಿಸುವ ವ್ಯಾಲ್ಯೂ ಗ್ರಾಫ್‌ನಲ್ಲಿ ಗೆರೆ ಕಡಿದಾಗಿದ್ದರೆ ವೇಗ ಜಾಸ್ತಿ, ಮಲಗಿದ್ದರೆ ನಿಂತಿದೆ ಎಂದರ್ಥ. ಇಷ್ಟು ಓದಲು ಬಂದರೆ ಸಾಕು.

ಆದರೆ ಬಾಗುವ ಗೆರೆ ಎರಡಿವೆ. ಎಷ್ಟು ವೇಗವಾಗಿ ಹೋಗಬೇಕು ಎನ್ನುವುದು ಒಂದು, ಟೆಂಪೊರಲ್. ಯಾವ ದಾರಿಯಲ್ಲಿ ಹೋಗಬೇಕು ಎನ್ನುವುದು ಇನ್ನೊಂದು, ಸ್ಪೇಶಿಯಲ್. ಹುಡುಗನ ಆಟೋ ಕೆಟ್ಟದ್ದು ಎರಡನೆಯದರಲ್ಲಿ. ಅವನು ವೇಗದಲ್ಲಿ ತಪ್ಪು ಹುಡುಕುತ್ತಿದ್ದ.

ಅವನು ಮೊದಲು ಮಾಡಿದ್ದು ಸರಿಯಾಗೇ ಇತ್ತು. 4ನೇ ಸೆಕೆಂಡಿಗೆ ಟೌನ್‌ಹಾಲ್‌ನಲ್ಲಿ ಒಂದು ಕೀ, 6ನೇ ಸೆಕೆಂಡಿಗೆ ಅದೇ ಜಾಗದಲ್ಲಿ ಇನ್ನೊಂದು. ಎರಡೂ ಒಂದೇ ಜಾಗ ಎಂದ ಮೇಲೆ ನಿಲ್ಲಲೇಬೇಕು, ಅಲ್ವಾ? ಆದರೆ ಹಲವು ಸಾಫ್ಟ್‌ವೇರ್‌ಗಳಲ್ಲಿ ದಾರಿ ತಾನಾಗಿಯೇ ಬಾಗುವಂತೆ ಇಟ್ಟಿರುತ್ತಾರೆ. ಟೌನ್‌ಹಾಲ್‌ಗೆ ಬರುವ ದಾರಿ ನುಣುಪಾಗಿರಲಿ ಎಂದು ಅದೇ ದಿಕ್ಕಿಗೆ ಒಂದು ಹ್ಯಾಂಡಲ್ ಚಾಚುತ್ತದೆ. ಬಸವನಗುಡಿಗೆ ಹೊರಡುವ ದಾರಿಗೂ ಹಾಗೇ ಒಂದು. ನಡುವೆ ದೂರ ಸೊನ್ನೆ. ಚಾಚಿದ ಎರಡು ಕೈ ಸೇರಿ ಒಂದು ಕುಣಿಕೆ ಆಗುತ್ತದೆ. ಆಟೋ ಆ ಕುಣಿಕೆಯಲ್ಲಿ ಸುತ್ತುತ್ತದೆ.

ಒಂಬತ್ತು ಕೀ ತೆಗೆಸಿದೆ. ಟೌನ್‌ಹಾಲ್‌ನ ಎರಡು ಮಾತ್ರ ಉಳಿದವು. ಮೊದಲನೆಯದನ್ನು ಹೋಲ್ಡ್‌ಗೆ ಬದಲಾಯಿಸಲು ಹೇಳಿದೆ. ಹೋಲ್ಡ್ ಎಂದರೆ ಮುಂದಿನ ಕೀ ಬರುವ ತನಕ ಅಲ್ಲಾಡಬೇಡ ಎಂದರ್ಥ. ಎಳೆಯೇ ಇಲ್ಲ. ದಾರಿಯನ್ನು ಲೀನಿಯರ್ ಮಾಡಿದರೂ ಕುಣಿಕೆ ಹೋಗುತ್ತದೆ. ಎರಡನೇ ಕೀಯನ್ನು ಮಾತ್ರ ಕಣ್ಣಳತೆಯಲ್ಲಿ ಇಡಬಾರದು, ಮೊದಲನೆಯದನ್ನೇ ಕಾಪಿ ಮಾಡಿ ಪೇಸ್ಟ್ ಮಾಡಬೇಕು. ಹೋಲ್ಡ್ ಇಟ್ಟಾಗ ಜಾಗ ಒಂದು ಪಿಕ್ಸೆಲ್ ತಪ್ಪಿದರೂ ಆಟೋ ಹೊರಡುವಾಗ ಚಿಮ್ಮಿದ ಹಾಗೆ ಕಾಣುತ್ತದೆ.

ಎಕ್ಸ್‌ಪೋರ್ಟ್ ಮಾಡುವಾಗ ಕಾಣುವ 'ಕೀಫ್ರೇಮ್ ಡಿಸ್ಟೆನ್ಸ್' ಬೇರೆಯದು ಎಂಬುದನ್ನೂ ಹೇಳಿಬಿಡುತ್ತೇನೆ. ಅದು ವಿಡಿಯೊ ಫೈಲ್‌ನಲ್ಲಿ ಎಷ್ಟು ಫ್ರೇಮ್‌ಗೊಮ್ಮೆ ಪೂರ್ತಿ ಚಿತ್ರ ಉಳಿಸಬೇಕು ಎನ್ನುವ ಲೆಕ್ಕ. ಹೆಸರು ಒಂದೇ, ಸಂಬಂಧ ಇಲ್ಲ.

ಆಟೋ ನಿಂತಿತು. ಮ್ಯಾಪಿನ ಮೇಲಿನ ಪುಟ್ಟ ಸಿಗ್ನಲ್ 6ನೇ ಸೆಕೆಂಡಿಗೆ ಹಸಿರಾಯಿತು, ಆಟೋ ಅದೇ ಫ್ರೇಮ್‌ಗೆ ಸರಿಯಾಗಿ ಹೊರಟಿತು. ಹುಡುಗ ಎರಡು ಸಲ ನೋಡಿ ತಲೆ ಅಲ್ಲಾಡಿಸಿದ. ಹೊರಡುವ ಕೀಯನ್ನು 8 ಫ್ರೇಮ್ ಎಡಕ್ಕೆ ಎಳೆದ. ಈಗ ಲೈಟು ಇನ್ನೂ ಕೆಂಪಿರುವಾಗಲೇ ಆಟೋ ಹೊರಡುತ್ತದೆ.

"ಈಗ ಬೆಂಗಳೂರು ಥರ ಕಾಣ್ತಿದೆ ಅಣ್ಣಾ" ಎಂದ.